ಎಡಗಡೆ ಎಂಜಿನ್ನು

ಆರನೇ ಭಾಗವಂತೆ. ಪೋಸ್ಟರಿನಲ್ಲಿ ಅದೇ ಹಡಗು,
ಎಡಗಡೆ ಎಂಜಿನ್ನಿನ ಮೇಲೆ ಅದೇ ತಗಡಿನ ತೇಪೆ.
ಧರಣೇಂದ್ರನಿಗೆ ಫೋನು ಮಾಡಿದೆ.
"ಎರಡು ಮೋಟರು ಸುತ್ತೋದಿದೆ ಮಾರಾಯ" ಅಂದು ಇಟ್ಟ.
ಎರಡು ನಿಮಿಷಕ್ಕೆ ಅವನೇ ತಿರುಗಿ ಮಾಡಿ,
"ಯಾವ ಆಟಕ್ಕೆ?"

ಮೊದಲನೇ ಭಾಗ ಹಾಸನಕ್ಕೆ ಬಂದಾಗ ನಾವು ಎಂಟನೇ ಕ್ಲಾಸು.
ಬೆಂಚಿನ ಟಿಕೇಟು, ತೆರೆಗೆ ಮೂಗು ತಾಗುವಷ್ಟು ಮುಂದೆ.
ಕತ್ತೆತ್ತಿ ನೋಡಿದ್ದಕ್ಕೋ ಏನೋ
ಆ ಹಡಗು ಇವತ್ತಿಗೂ ನನ್ನ ನೆನಪಿನಲ್ಲಿ
ಕೆಳಗಿನಿಂದಲೇ ಕಾಣುತ್ತದೆ, ಬರೀ ಹೊಟ್ಟೆ.
ಮಾತೆಲ್ಲ ಇಂಗ್ಲಿಷು. ನಮಗೆ ತಿಳಿದದ್ದು "ಗೋ" ಒಂದೇ.
ಮಿಕ್ಕಿದ್ದನ್ನು ಧರಣೇಂದ್ರ
ನನ್ನ ಕಿವಿಯಲ್ಲಿ ಕನ್ನಡದಲ್ಲಿ ಕಟ್ಟುತ್ತ ಹೋದ:
ಕ್ಯಾಪ್ಟನ್ನು ಅರಸೀಕೆರೆ ಕಡೆಯವನು,
ಒಕ್ಕಣ್ಣಿನ ಆ ತಗಡಿನ ಗೊಂಬೆ ಅವನ ಸೋದರಮಾವನ ಮಗ,
ಎಂಜಿನ್ನು ನಿಂತದ್ದು ಸೀಮೆಣ್ಣೆ ಬೆರಕೆಯಿಂದ.
ಎಷ್ಟೋ ವರ್ಷದ ಮೇಲೆ ಸೀಡಿ ಸಿಕ್ಕಿ
ನಿಜವಾದ ಕಥೆ ತಿಳಿದಾಗ
ಇಬ್ಬರಿಗೂ ಬೇಜಾರಾಯಿತು.

ಎರಡನೆಯದು ಪರವಾಗಿಲ್ಲ. ಆಮೇಲಿನವುಗಳಲ್ಲಿ
ಹಡಗು ಊರಿನಷ್ಟು ದೊಡ್ಡದಾಯಿತು, ಬ್ರಹ್ಮಾಂಡ ಒಂದು ಸಾಲದೆ ಏಳಾಯಿತು,
ಸತ್ತವರು ಸಾಯಲಿಲ್ಲ, ಅತ್ತದ್ದೆಲ್ಲ ದಂಡ.
ಐದನೆಯದಕ್ಕೆ ಇಂಟರ್ವಲ್ಲಿಗೇ ಎದ್ದು
ಗೋಬಿ ತಿಂದು ಮನೆಗೆ ಹೋಗಿದ್ದೆ.

ಈ ಸಲ ಯಾರಿಗೆ ಬುದ್ಧಿ ಬಂತೋ.
ಒಂದು ಹಡಗು. ಒಂದು ದಾರಿ. ತಲುಪಿಸಬೇಕಾದ ಒಂದು ಪೆಟ್ಟಿಗೆ.
ಪೆಟ್ಟಿಗೆಯಲ್ಲಿ ಬೀಜ ಇದೆ ಅಂತ
ಹತ್ತನೇ ನಿಮಿಷಕ್ಕೇ ಹೇಳಿಬಿಟ್ಟರು,
ಗುಟ್ಟು ಅನ್ನುವುದನ್ನೇ ಇಟ್ಟುಕೊಳ್ಳಲಿಲ್ಲ.

ನಾನು ದುಡಿಯುವುದು ಸಾಲಗಾಮೆ ರಸ್ತೆಯಲ್ಲಿ,
ಆಕಾಶಕ್ಕೆ ಬಾಯಿ ತೆರೆದ ಆ ದೊಡ್ಡ ತಟ್ಟೆಗಳ
ತುಕ್ಕು ಕೆರೆದು ಬಿಳಿ ಬಳಿಯುವ ಗುತ್ತಿಗೆ.
ಅಲ್ಲಿನ ಸುಗುಣಾವತಿ ಮೇಡಂ
ಟೀ ಹೊತ್ತಿನಲ್ಲಿ ಒಮ್ಮೆ ಹೇಳಿದ್ದರು:
"ಮೇಲೆ ಸದ್ದಿಲ್ಲ ಚೆಲುವಯ್ಯ. ಗಾಳಿಯೇ ಇಲ್ಲವಲ್ಲ,
ಏನು ಸಿಡಿದರೂ ಕೇಳಿಸದು."
ಸರಿ. ಗೊತ್ತು. ಒಪ್ಪಿದೆ.
ಆದರೆ ಹಡಗು ಢಮಾರೆಂದು ಎದ್ದಾಗ
ಕುರ್ಚಿಯ ಕಬ್ಬಿಣ ನಡುಗಿ ಬೆನ್ನಹುರಿಗೆ ದಾಟಿತಲ್ಲ,
ಆಗ ಮೇಡಂ ಪಕ್ಕದಲ್ಲಿದ್ದಿದ್ದರೆ
ಬಾಯಿಬಿಟ್ಟು ಏನೂ ಅನ್ನದಿದ್ದರೂ
ಚಪ್ಪಲಿಯೊಳಗಿನ ಹೆಬ್ಬೆರಳು ಕುಣಿಸುತ್ತಿದ್ದರು.

ಎಡಗಡೆ ಎಂಜಿನ್ನು ನಿಂತಿತು.
ನಿಲ್ಲಲೇಬೇಕು, ಅದಕ್ಕೇ ಬಂದಿದ್ದೆವು.
ಹಾಲಿನಲ್ಲಿ ಹದಿಮೂರು ಜನ.
ಕಾಲೇಜು ಹುಡುಗರು ಮೊಬೈಲಿನ ಬೆಳಕಿನಲ್ಲಿ ಪಾಪ್‌ಕಾರ್ನ್ ಹುಡುಕುತ್ತಿದ್ದರು.
ನಮ್ಮಂಥ ನಾಲ್ಕೈದು ಬೋಳುತಲೆಗಳು ಮಾತ್ರ
ಒಟ್ಟಿಗೇ ಮುಂದಕ್ಕೆ ಬಾಗಿದವು.

ಬಂದ. ಗಡ್ಡ ಪೂರಾ ಬೆಳ್ಳಗೆ.
ಏಣಿ ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು.
ಗೊಂಬೆಯ ಒಂಟಿ ಕಣ್ಣು ಮಿಣಿಮಿಣಿ.
ಮುಷ್ಟಿ ಎತ್ತಿದ. ಎತ್ತಿದ ಮುಷ್ಟಿ ಸ್ವಲ್ಪ ನಡುಗಿತು,
ಅದು ನಟನೆಯಲ್ಲ ಅನ್ನಿಸಿತು ನನಗೆ.
ಕಿವಿಯ ಹತ್ತಿರ ಧರಣೇಂದ್ರ: "ಸೀಮೆಣ್ಣೆ."
ಗುದ್ದಿದ.
ಹೊತ್ತಿಕೊಂಡಿತು.

ಬೆರಳು ಬಾಯಿಗಿಟ್ಟೆ. ಕಟ್ಟಿಸಿಕೊಂಡ ಹಲ್ಲು ಅಡ್ಡ ಬಂದು
ಬರೀ ಗಾಳಿ ಹೊರಟಿತು.
ಧರಣೇಂದ್ರನೇ ಹಾಕಿದ ಶಿಳ್ಳೆ,
ನನ್ನ ಪಾಲಿನದನ್ನೂ ಸೇರಿಸಿ.

ಹೊರಗೆ ಚಳಿ. "ಏನಿತ್ತು ಕಥೆ, ಹೇಳು" ಅಂದ.
"ಏನೂ ಇಲ್ಲ."
"ಅದೇ ಮತ್ತೆ" ಅಂದ, ಬಿಸಿ ಅನ್ನಕ್ಕೆ ತಿಳಿಸಾರು ಉಂಡವನ ಹಾಗೆ
ಹೊಟ್ಟೆಯ ಮೇಲೆ ಕೈಯಾಡಿಸುತ್ತ.

ಸ್ಕೂಟರು ಹೊತ್ತಲಿಲ್ಲ.
ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು
ಪಕ್ಕೆಗೊಂದು ಗುದ್ದಿದೆ. ಕೈ ನೊಂದಿತು, ಅಷ್ಟೆ.
ಎನ್.ಆರ್. ಸರ್ಕಲ್ಲಿನವರೆಗೂ ತಳ್ಳಿಕೊಂಡು ನಡೆದೆವು.
ಮೋಟರು ಸುತ್ತುವವನು ಪಕ್ಕದಲ್ಲೇ ಇದ್ದ,
ಪ್ಲಗ್ಗು ಬಿಚ್ಚಿ ನೋಡುವುದು ಬಿಟ್ಟು
ಏಳನೇ ಭಾಗ ಶುರು ಮಾಡಿದ್ದ:
ಪೆಟ್ಟಿಗೆ ಕೊನೆಗೂ ತಲುಪುತ್ತದಂತೆ, ಅರಸೀಕೆರೆಗೆ.
ಬೀಜ ಬೇರೇನೂ ಅಲ್ಲ,
ತೆಂಗು.